ಹಸಿಮೀನಿನ ಅಜಮತ್

ಶಿರಾಳಕೊಪ್ಪದ ಸಂತೆಯಲ್ಲಿ ಒಣಮೀನು ಮಾರುವವರಿಗೆ ಜಾಗ ಸಿಗುತ್ತಿದ್ದುದು ಎಲ್ಲರಿಗಿಂತ ಕೊನೆಗೆ. ಬೆಲ್ಲದವರು, ಬಳೆಯವರು, ಬಟ್ಟೆಯವರು, ಮೆಣಸಿನಕಾಯಿಯವರು ಎಲ್ಲ ಮುಗಿದು, ದನ ಕಟ್ಟುವ ಬಯಲು ಶುರುವಾಗುವ ಕಡೆ ಅವರದೊಂದು ಸಾಲು. ಉಸ್ಮಾನ್ ಸಾಬ್ ಆ ಸಾಲಿನಲ್ಲಿ ಮೊದಲ ಸಲ ಗೋಣಿ ಹಾಸಿ ಕೂತಾಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಅದು. ಅಂದಿನಿಂದ ಹೊನ್ನಾವರದ ಕಡೆಯಿಂದ ಬಂಗಡೆ, ತಾರ್ಲೆ, ಸೀಗಡಿಯ ಮೂಟೆಗಳನ್ನು ಘಟ್ಟ ಹತ್ತಿಸಿ ತರುವುದು, ಶಿರಾಳಕೊಪ್ಪ, ಸೊರಬ, ಶಿಕಾರಿಪುರದ ಸಂತೆಗಳಿಗೆ ಹೊರುವುದು, ಮಳೆಗಾಲ ಹಿಡಿಯುವ ಮುಂಚೆ ಸುತ್ತಲಿನ ಹಳ್ಳಿಗಳಿಗೆಲ್ಲ ಮುಟ್ಟಿಸುವುದು, ಇಷ್ಟೇ ಅವನ ಬದುಕು. ಅವನು ಬಸ್ಸು ಹತ್ತಿದರೆ ಪಕ್ಕದವರು ಕಿಟಕಿ ಏರಿಸುತ್ತಿದ್ದರು. ಮದುವೆಮನೆಯಲ್ಲಿ ಅತ್ತರು ಹಚ್ಚುವವನು ಅವನ ಕೈಗೆ ಮಾತ್ರ ಎರಡೆರಡು ಸಲ ಹಚ್ಚುತ್ತಿದ್ದ. ಇದನ್ನೆಲ್ಲ ಉಸ್ಮಾನ್ ಯಾರ ಹತ್ತಿರವೂ ಹೇಳಿಕೊಂಡವನಲ್ಲ. ಮರೆತವನೂ ಅಲ್ಲ.

ಅವನಿಗೊಬ್ಬ ತಮ್ಮನಿದ್ದ, ಅಜಮತ್ ಉಲ್ಲಾ. ಮೂಟೆಗೆ ಹೆಗಲು ಕೊಡುವ ವಯಸ್ಸು ಬಂದ ಕೂಡಲೇ ಅವನು ಅಡಿಕೆ ಲಾರಿಯೊಂದನ್ನು ಹತ್ತಿ ಮುಂಬಯಿಗೆ ಓಡಿಹೋದ. ಹಡಗು ಸೇರಿದನಂತೆ ಎಂದು ಒಂದು ಸುದ್ದಿ ಬಂತು, ಆಮೇಲೆ ಅದೂ ಇಲ್ಲ. ತಾಯಿ ಅಫ್ಸರ್ ಬೇಗಂ ದಿನಾ ಸಂಜೆ ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ಬಂದು ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಕಣ್ಣಿಗೆ ಪೊರೆ ಬಂದು ಏನೂ ಕಾಣದಂತಾದ ಮೇಲೂ ಗೋಡೆ ಹಿಡಿದು ಬಂದು ನಿಲ್ಲುತ್ತಿದ್ದಳು. ಉಸ್ಮಾನ್ ಅದೇ ಬಸ್ಸಿನಿಂದ ಮೂಟೆ ಇಳಿಸಿಕೊಂಡು ಬರುತ್ತಿದ್ದ. ಹೆಜ್ಜೆ ಸಪ್ಪಳ ಕೇಳಿ ಆಕೆಯ ಮುಖ ಅರಳುತ್ತಿತ್ತು. ವಾಸನೆ ಬಡಿದ ಕೂಡಲೇ, "ಓ, ನೀನಾ" ಎಂದು ಒಳಗೆ ತಿರುಗುತ್ತಿದ್ದಳು.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಅಜಮತ್ ವಾಪಸು ಬಂದ. ಒಂದು ತಗಡಿನ ಪೆಟ್ಟಿಗೆ, ಸವೆದ ಕೋಟು, ಬೆಳ್ಳಗೆ ಹಲ್ಲು ಕಾಣಿಸುವ ನಗು. ತಂದದ್ದು ಅಷ್ಟೇ. ತಾಯಿ ಅವನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

"ಎಲ್ಲೆಲ್ಲಿ ಹೋಗಿದ್ದೆ ಮಗನೇ?"

"ಎಲ್ಲಾ ಕಡೆ ಅಮ್ಮಿ," ಎಂದ ಅವನು. "ಹಡಗಿನ ಅಡುಗೆಮನೆಯಲ್ಲಿದ್ದೆ. ಜಪಾನಿಗೆ ಹೋಗಿದ್ದೆ. ಅಲ್ಲಿ ಮೀನನ್ನ ಹಸೀದೇ ತಿಂತಾರೆ, ಗೊತ್ತಾ ನಿನಗೆ?"

ಹೀಗೆ ಶುರುವಾಯಿತು. ದಿನಾ ಸಂಜೆ ತಾಯಿಯ ಮಂಚದ ಪಕ್ಕ ಕೂತು ಅವನು ಒಂದೊಂದು ದೇಶ ಹೇಳುವನು. ಜಪಾನಿನವರು ಮೀನನ್ನು ಗುಲಾಬಿ ಎಸಳಿನ ಹಾಗೆ ತೆಳ್ಳಗೆ ಕೊಯ್ದು, ಮೂಗಿನ ಬುಡ ಸುಡುವಂಥ ಹಸಿರು ಖಾರ ಹಚ್ಚಿ ಬಾಯಿಗಿಡುತ್ತಾರೆ. ಹಾಲೆಂಡಿನವರು ಅರೆಉಪ್ಪಿನ ಮೀನಿನ ಬಾಲ ಹಿಡಿದು, ಈರುಳ್ಳಿಯಲ್ಲಿ ಹೊರಳಿಸಿ, ತಲೆ ಮೇಲಕ್ಕೆತ್ತಿ ಬಾಯಿಗೆ ಇಳಿಬಿಡುತ್ತಾರೆ. ಪೆರು ಎಂಬ ದೇಶದಲ್ಲಿ ಒಲೆಯೇ ಬೇಡ, ನಿಂಬೆರಸದಲ್ಲಿ ಹಾಕಿಟ್ಟರೆ ಮೀನು ಬೆಂದ ಹಾಗೆ ಬೆಳ್ಳಗಾಗುತ್ತದೆ. ನಾರ್ವೆಯವರು ಉಪ್ಪು ಸೋಕಿಸದೆ ಬರೀ ತಣ್ಣನೆ ಗಾಳಿಗೆ ಒಣಹಾಕಿದ ಮೀನು ಸೌದೆಯಷ್ಟು ಗಟ್ಟಿ, ಕೊಡಲಿಯಲ್ಲೇ ಸೀಳಬೇಕು. ಸ್ವೀಡನ್ನಿನವರು ಡಬ್ಬಿಯಲ್ಲಿ ಹುಳಿ ಬರಿಸಿದ ಮೀನನ್ನು ಮನೆಯೊಳಗೆ ಬಿಚ್ಚುವುದೇ ಇಲ್ಲ, ಬಯಲಿಗೆ ಒಯ್ಯುತ್ತಾರೆ. ಐಸ್‌ಲ್ಯಾಂಡಿನವರು ಶಾರ್ಕ್ ಜಾತಿಯ ತಾಟೆಮೀನನ್ನು ನೆಲದಲ್ಲಿ ಹೂತು ತಿಂಗಳುಗಟ್ಟಲೆ ಬಿಟ್ಟು ತೆಗೆಯುತ್ತಾರೆ.

ಅಫ್ಸರ್ ಬೇಗಂ ಬಾಯಿ ಬಿಟ್ಟುಕೊಂಡು ಕೇಳುವಳು. ಉಸ್ಮಾನನ ಹೆಂಡತಿ ಹಮೀದಾ ರೊಟ್ಟಿ ತಟ್ಟುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಲ್ಲುವಳು. ಒಂದು ದಿನ ಆಕೆ ಉಸ್ಮಾನನಿಗೆ ಹೇಳಿದಳು, "ಅಮ್ಮಿ ಹೀಗೆ ನಗೋದನ್ನ ನಾನು ಈ ಮನೆಗೆ ಬಂದಾಗಿಂದ ನೋಡಿರಲಿಲ್ಲ ರೀ."

ಉಸ್ಮಾನನೂ ಮೀನಿನವನೇ. ಬೆಳಗಿನಿಂದ ಸಂಜೆಯವರೆಗೆ ಮೀನಿನ ಜೊತೆಗೇ ಇದ್ದವನು. ಇಷ್ಟು ವರ್ಷದಲ್ಲಿ ಅವನ ಮೀನಿನ ಬಗ್ಗೆ ತಾಯಿ ಕೇಳಿದ್ದು ಒಂದೇ ಮಾತು, ಕೈ ತೊಳೆದೆಯಾ ಎಂದು.

ಸುದ್ದಿ ಮನೆಯಿಂದ ಪೇಟೆಗೆ ಹೋಗಲು ಬಹಳ ಹೊತ್ತು ಹಿಡಿಯಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿಗೆ ಹೋಟೆಲ್ ಇಟ್ಟಿದ್ದ ಆನಂದಪ್ಪ ಅಜಮತನನ್ನು ಕೂರಿಸಿ ಪುಕ್ಕಟೆ ಚಾ ಕೊಡತೊಡಗಿದ. ಅಡಿಕೆ ಮಂಡಿಯವರು, ಕಂಡಕ್ಟರುಗಳು, ಸ್ಕೂಲು ಮಾಸ್ತರರು ಸುತ್ತ ಕೂತು ಕೇಳುವರು. ಬದುಕಿನಲ್ಲಿ ಮೀನು ಮುಟ್ಟದವರೂ ಕೇಳುವರು.

"ಸಾಬ್ರೆ," ಎಂದು ಆನಂದಪ್ಪ ಒಂದು ದಿನ ಉಸ್ಮಾನನನ್ನು ಕರೆದು ಹೇಳಿದ, "ಇಷ್ಟು ದಿನ ನೀವು ನಮ್ಮ ಹೋಟ್ಲು ಮುಂದೆ ಹಾದು ಹೋದ್ರೆ ಗಿರಾಕಿ ಎದ್ದು ಹೋಗೋರು. ಈಗ ನಿಮ್ಮ ತಮ್ಮ ಬಂದು ಕೂತ್ರೆ ಒಬ್ರೂ ಮೇಲೇಳಲ್ಲ ನೋಡ್ರಿ." ಸುತ್ತಲಿದ್ದವರು ನಕ್ಕರು. ಉಸ್ಮಾನನೂ ನಕ್ಕ.

ಹೋಳಿ ಇನ್ನೂ ದೂರವಿದ್ದಾಗ, ಯಾರೋ ಮಾಸ್ತರರು ಕೆಣಕಿದರು, ಬರೀ ಬಾಯಲ್ಲಿ ಹೇಳಿದರೆ ಏನು ಬಂತು, ತಿಂದು ತೋರಿಸಬೇಕು ಎಂದು. ಅಜಮತ್ ಒಪ್ಪಿದ. ಆ ದಿನಗಳಲ್ಲಿ ಹೊನ್ನಾವರದಿಂದ ಬರ್ಫಿನ ಪೆಟ್ಟಿಗೆಯಲ್ಲಿ ಹಸಿಮೀನು ತರುವ ಲಾರಿಯೊಂದು ಶಿವಮೊಗ್ಗಕ್ಕೆ ಹೋಗುತ್ತಿತ್ತು. ಸಂತೆಯ ದಿನ ಮುಂಜಾನೆ ಅದನ್ನು ನಿಲ್ಲಿಸಿ ಇಸ್ವಾಣ ಮೀನೊಂದನ್ನು ಇಳಿಸಿಕೊಂಡರು. ಉಸ್ಮಾನನ ಗೋಣಿಯ ಮುಂದೆಯೇ ಹಲಗೆ ಹಾಕಿ ಅಜಮತ್ ಅದರ ಕಿವಿರು ತೆರೆದು ನೋಡಿದ, ಕಣ್ಣು ಒತ್ತಿ ನೋಡಿದ, ಮೂಸಿದ. ಚರ್ಮ ಬಿಡಿಸಿ, ಮುಳ್ಳು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ದ. ಪಕ್ಕದಲ್ಲಿ ನಿಂಬೆಹಣ್ಣು, ಹಸಿಮೆಣಸು ಮಾರುತ್ತಿದ್ದ ಹುಲಿಗೆಮ್ಮ ಕೇಳದೆಯೇ ನಾಲ್ಕು ಹಣ್ಣು ಹಿಂಡಿಕೊಟ್ಟಳು. ಉಪ್ಪು, ಈರುಳ್ಳಿ, ಮೆಣಸು ಸೇರಿಸಿ ಅವನು ಕೈಯಾಡಿಸುತ್ತಿದ್ದ ಹಾಗೆ, ಗಾಜಿನಂತಿದ್ದ ಮೀನು ಎಲ್ಲರ ಕಣ್ಣೆದುರೇ ಬೆಳ್ಳಗಾಯಿತು.

ಅವನು ಮೊದಲು ತಾನು ತಿಂದ. ಆಮೇಲೆ ಒಬ್ಬ ಲಾರಿ ಕ್ಲೀನರ್, ಆಮೇಲೆ ಇಬ್ಬರು ಹಮಾಲರು, ಆಮೇಲೆ ಕೈ ಚಾಚಿದವರಿಗೆ ಲೆಕ್ಕವಿಲ್ಲ. ಸ್ವಲ್ಪವನ್ನು ಬಾಳೆಎಲೆಯಲ್ಲಿ ಸುತ್ತಿ ತಾಯಿಗೆ ಒಯ್ದು ಬಾಯಿಗಿಟ್ಟ. ಅಂದಿನಿಂದ ಪೇಟೆಯವರು ಅವನನ್ನು ಹಸಿಮೀನಿನ ಅಜಮತ್ ಎಂದರು. ಉಸ್ಮಾನನಿಗೂ ಹೊಸ ಹೆಸರು ಬಂತು. "ಹಸಿಮೀನಿನ ಅಜಮತನ ಅಣ್ಣ."

ಅದಾಗಿ ಕೆಲವು ದಿನಕ್ಕೆ ಉಸ್ಮಾನ್ ಶಿಕಾರಿಪುರಕ್ಕೆ ಹೋದ. ಅಲ್ಲಿ ಮಸೀದಿಯ ಹತ್ತಿರ ಗುಲಾಬ್ ಸಾಬ್ ಎಂಬ ಮುದುಕ ಸಿಕ್ಕ. ಮುಂಬಯಿ ಬಂದರಿನಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತು, ಸೊಂಟ ಹೋದ ಮೇಲೆ ಊರಿಗೆ ಬಂದವನು. ಮಾತಿಗೆ ಮಾತು ಬಂದು ಉಸ್ಮಾನ್ ತಮ್ಮನ ಹೆಸರು ಹೇಳಿದ.

"ಶಿರಾಳಕೊಪ್ಪದ ಅಜಮತಾ? ಅಯ್ಯೋ, ಅವ್ನು ತೊಳೆದ ತಟ್ಟೇಲಿ ನಾನು ಎಷ್ಟು ವರ್ಷ ಉಂಡೀನಿ," ಎಂದ ಗುಲಾಬ್ ಸಾಬ್. "ಬಂದರಿನ ಗೇಟ್ ಹತ್ರ ಹಡಗಿನ ಖಲಾಸಿಗಳ ಹೋಟ್ಲು ಒಂದಿತ್ತು. ಅಲ್ಲಿ ತಟ್ಟೆ ತೊಳೀತಿದ್ದ. ಒಳ್ಳೇ ಹುಡುಗ. ದೇಶದೇಶದ ಖಲಾಸಿಗಳು ಬರೋರು, ಅವರ ಜೊತೆ ಕೂತು ನಿಮ್ಮೂರಾಗೆ ಏನು ತಿಂತೀರಿ, ಹೆಂಗೆ ಮಾಡ್ತೀರಿ ಅಂತ ಕೇಳೋನು. ಅವರೂ ಹೇಳೋರು, ಮಾಡಿ ತೋರ್ಸೋರು."

"ಹಡಗಿನಲ್ಲಿ ಹೋಗಲಿಲ್ವಾ?"

"ಎಲ್ಲಿ ಹಡಗು. ಒಂದ್ಸಲ ದೋಣಿ ಹತ್ತಿಸಿದ್ವಿ, ದಡ ಬಿಡೋ ಮುಂಚೇನೇ ಕೆಳಗಿಳಿಸ್ರಿ ಅಂತ ಅತ್ತುಬಿಟ್ಟ. ನೀರು ಕಂಡ್ರೆ ಅವನಿಗೆ ಹೆದರಿಕೆ."

ಉಸ್ಮಾನ್ ಸಾಬ್ ಆ ದಿನ ಶಿಕಾರಿಪುರದಿಂದ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಗುತ್ತಿದ್ದ. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದ ಹಾಗಾಗಿತ್ತು. ಮನೆಗೆ ಹೋದ ಕೂಡಲೇ ಹೇಳಿಬಿಡಬೇಕು ಎಂದುಕೊಂಡಿದ್ದ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ತಾಯಿಯ ನಗು ಕೇಳಿಸಿತು, ಅಜಮತನ ದನಿ ಕೇಳಿಸಿತು, ಅವನು ಯಾವುದೋ ದ್ವೀಪದಲ್ಲಿದ್ದ. ಉಸ್ಮಾನ್ ಹೊಸ್ತಿಲಲ್ಲಿ ನಿಂತುಕೊಂಡ. ಈಗ ಹೇಳಿದರೆ ಮನೆಯ ನಾಲ್ಕು ಗೋಡೆಯೊಳಗೆ ಮುಗಿದುಹೋಗುತ್ತದೆ. ತಾಯಿ ಎರಡು ದಿನ ಅತ್ತು, ಮೂರನೆಯ ದಿನ ಕ್ಷಮಿಸುತ್ತಾಳೆ. ಅವನು ಇನ್ನೂ ಸ್ವಲ್ಪ ಮೇಲೆ ಹತ್ತಲಿ.

ಅಂದಿನಿಂದ ಅವನು ತಮ್ಮನಿಗೆ ಬಹಳ ಒಳ್ಳೆಯವನಾದ. ಹೊಸ ಅಂಗಿ ಹೊಲಿಸಿದ. ಸೊರಬಕ್ಕೆ, ಕುಪ್ಪಗಡ್ಡೆಗೆ ಹೋದಾಗಲೆಲ್ಲ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿಸಿದ, ಮುಂದಿನ ಸಂತೆಗೆ ನನ್ನ ತಮ್ಮ ಜಪಾನಿನ ಊಟ ತೋರಿಸುತ್ತಾನೆ, ಬರ್ರಿ ಎಂದು. ಅಜಮತನ ಕಣ್ಣಲ್ಲಿ ನೀರು ಬಂತು.

"ಭಾಯಿ, ನಾನು ಓಡಿಹೋಗಿದ್ದಕ್ಕೆ ನಿಮಗೆ ಸಿಟ್ಟು ಇರಬೇಕು ಅಂದ್ಕೊಂಡಿದ್ದೆ."

"ಹಳೇದೆಲ್ಲ ಯಾಕೆ ಈಗ," ಎಂದ ಉಸ್ಮಾನ್. "ಈ ಸಲ ಅಮ್ಮಿಯನ್ನೂ ಕರಕೊಂಡು ಬರ್ತೀನಿ. ನೀನು ಮಾಡೋವಾಗ ಜನ ಹೇಗೆ ಸದ್ದು ಮಾಡ್ತಾರೆ ಅಂತ ಅವರೂ ಕೇಳಲಿ."

ಆ ಸಂತೆಯ ಹೊತ್ತಿಗೆ ಬಿಸಿಲು ಏರಿತ್ತು. ಉಸ್ಮಾನ್ ಗಾಡಿ ಗೊತ್ತುಮಾಡಿ ತಾಯಿಯನ್ನು ತಂದು, ಆನಂದಪ್ಪನ ಹೋಟೆಲಿನ ಕುರ್ಚಿಯಲ್ಲಿ, ಹಲಗೆಯ ಎದುರಿಗೇ ಕೂರಿಸಿದ. ಹಿಂದೆ ಹಮೀದಾ ಕೊಡೆ ಹಿಡಿದು ನಿಂತಳು. ದನದ ಬಯಲಿನವರೆಗೂ ಜನ. ಆದರೆ ಲಾರಿ ಬಂದಿರಲಿಲ್ಲ. ಹಿಂದಿನ ದಿನವೇ ಹೊರಟದ್ದು ಘಟ್ಟದಲ್ಲಿ ಕೆಟ್ಟು ನಿಂತಿತ್ತಂತೆ. ಅದು ಬಂದಾಗ ಮಧ್ಯಾಹ್ನ ಕಳೆದಿತ್ತು. ಪೆಟ್ಟಿಗೆಯಲ್ಲಿ ಬರ್ಫು ಕರಗಿ ಕೆಂಪುನೀರು ಸೋರುತ್ತಿತ್ತು. ಒಳಗಿದ್ದ ಬಂಗಡೆಗಳನ್ನು ಅಜಮತ್ ಒಂದೊಂದಾಗಿ ಎತ್ತಿ ನೋಡಿದ. ಕಣ್ಣು ಒಳಗಿಳಿದಿತ್ತು, ಕಿವಿರು ಕಂದುಬಣ್ಣಕ್ಕೆ ತಿರುಗಿತ್ತು, ಬೆರಳಿಟ್ಟ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು. ಅವನು ತಲೆಯಾಡಿಸಿ ಅಣ್ಣನ ಹತ್ತಿರ ಬಂದ.

"ಆಗಲ್ಲ ಭಾಯಿ. ಇದು ಉಪ್ಪು ಹಾಕಿ ಒಣಗಿಸೋದಕ್ಕೂ ಲಾಯಕ್ಕಿಲ್ಲ. ಚೆಲ್ಲಿಬಿಡೋಣ."

"ಇಷ್ಟು ಜನ ಬಂದಾರೆ."

"ಮುಂದಿನ ಸಂತೆಗೆ ಅಂತ ಹೇಳ್ತೀನಿ. ಬೈಯಲಿ ಬೇಕಾದ್ರೆ."

ಉಸ್ಮಾನ್ ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ, "ಕೇಳಿದ್ರೇನ್ರಿ. ನೆಲದಾಗೆ ಹೂತಿಟ್ಟ ಮೀನು ತಿಂತಾರೆ ಅಂದಿದ್ದ ನನ್ನ ತಮ್ಮ. ಡಬ್ಬಿಯೊಳಗೆ ನಾರೋ ಮೀನು ತಿಂತಾರೆ ಅಂದಿದ್ದ. ಈಗ ಒಂದು ದಿನ ತಡ ಆಗಿರೋ ಬಂಗಡೆ ಆಗಲ್ವಂತೆ."

ಜನ ನಕ್ಕರು. ಯಾರೋ ಶಿಳ್ಳೆ ಹಾಕಿದರು.

"ಅದು ಕೊಳೆತದ್ದಲ್ಲ ಭಾಯಿ," ಎಂದ ಅಜಮತ್, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. "ಅದು ಹದ ಮಾಡಿದ್ದು. ಇದು ಕೊಳೆತದ್ದು. ಎರಡೂ ಬೇರೆ."

ಉಸ್ಮಾನ್ ಅವನ ಭುಜದ ಮೇಲೆ ಕೈ ಹಾಕಿದ. ನೋಡಿದವರಿಗೆ ಅಣ್ಣ ತಮ್ಮನನ್ನು ಹುರಿದುಂಬಿಸಿದ ಹಾಗಿತ್ತು. ಕಿವಿಗೆ ಬಾಯಿ ತಂದು ಅವನು ಹೇಳಿದ, "ಶಿಕಾರಿಪುರದಲ್ಲಿ ಗುಲಾಬ್ ಸಾಬ್ ಸಿಕ್ಕಿದ್ದ. ಬಂದರಿನ ಹಮಾಲ. ನೀನು ತೊಳೆದ ತಟ್ಟೆಯಲ್ಲಿ ಉಂಡವನು. ಅಮ್ಮಿ ಇಲ್ಲೇ ಕೂತಿದಾರೆ. ಇವರೆಲ್ಲರ ಮುಂದೆ ಈಗಲೇ ಹೇಳಲಾ, ಇಲ್ಲ ತಿಂತೀಯಾ?"

ಭುಜ ಕೈಯ ಕೆಳಗೆ ಬಿಗಿಯಾದದ್ದು ಉಸ್ಮಾನನಿಗೆ ತಿಳಿಯಿತು. ಅಜಮತ್ ತಾಯಿಯ ಕಡೆ ನೋಡಿದ. ಆಕೆ ಕುರ್ಚಿಯ ತುದಿಗೆ ಬಂದು, ಸದ್ದಿನ ಕಡೆ ಮುಖ ಮಾಡಿ, ಹಬ್ಬದ ದಿನದ ಮಕ್ಕಳ ಹಾಗೆ ಕೂತಿದ್ದಳು. ಅವನು ಅಣ್ಣನನ್ನು ಒಂದು ಸಲ ನೋಡಿದ. ಬೇಡಿಕೊಳ್ಳಲಿಲ್ಲ. ಹಲಗೆಯ ಮುಂದೆ ಕೂತು ಚಾಕು ತೆಗೆದುಕೊಂಡ.

ಹುಲಿಗೆಮ್ಮ ನಿಂಬೆಹಣ್ಣು ಕೊಡಲು ಬಂದವಳು ಮೂಗಿಗೆ ಸೆರಗು ಹಿಡಿದಳು. "ಬ್ಯಾಡ ಸಾಬ್ರೆ, ನಾತ ಹೊಡೀತೈತಿ," ಎಂದಳು. ಅಜಮತ್ ನಕ್ಕು, "ನಿಂಬೆ ಸ್ವಲ್ಪ ಜಾಸ್ತಿ ಕೊಡ್ರಿ ಅಮ್ಮ," ಎಂದ. ಎರಡು ಮೂರು ಮೀನು ಕೊಯ್ದ. ಹಿಂದಿನ ಸಲದ ಹಾಗೇ ದೇಶದ ಹೆಸರು ಹೇಳುತ್ತ, ಜನರನ್ನು ನಗಿಸುತ್ತ, ಹಿಂಡಿ, ಕಲಸಿ, ತುಂಡು ಎತ್ತಿ ಬಾಯಿಗೆ ಹಾಕಿಕೊಂಡ. ಜನ ಹೋ ಎಂದರು. ಲಾರಿ ಕ್ಲೀನರ್ ಕೈ ಚಾಚಿದ.

"ಇವತ್ತು ಯಾರಿಗೂ ಇಲ್ಲಪ್ಪ," ಎಂದ ಅಜಮತ್. "ಇವತ್ತು ನನಗೊಬ್ಬನಿಗೇ."

"ಜಿಪುಣತನ ಯಾಕೋ," ಎಂದು ಯಾರೋ ಕೂಗಿದರು.

ಆಗ ಅಫ್ಸರ್ ಬೇಗಂ ಕುರ್ಚಿಯಿಂದಲೇ ಕೈ ಮುಂದೆ ಮಾಡಿದಳು. "ನನಗೆ ಕೊಡು ಬೇಟಾ. ಹೋದ ಸಲ ಬಾಳ ರುಚಿಯಿತ್ತು."

ತೆರೆದ ಅಂಗೈ ಗಾಳಿಯಲ್ಲಿ ನಿಂತಿತ್ತು. ಅಜಮತ್ ಅದನ್ನು ನೋಡಿದ, ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡ. "ಇವತ್ತು ಖಾರ ಜಾಸ್ತಿ ಆಗಿದೆ ಅಮ್ಮಿ. ನಿನಗೆ ತಡೆಯಲ್ಲ," ಎಂದ. ಎಂದವನೇ ಉಳಿದದ್ದನ್ನು ಗಬಗಬನೆ ತಿನ್ನತೊಡಗಿದ, ಬೇರೆ ಯಾರ ಕೈಗೂ ಸಿಗಬಾರದು ಎನ್ನುವ ಹಾಗೆ, ತಳದಲ್ಲಿ ಒಂದು ಚೂರೂ ಉಳಿಯದ ಹಾಗೆ.

ಉಸ್ಮಾನ್ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಕೈ ಚಾಚಿದ್ದರೆ ಪಾತ್ರೆ ಕಿತ್ತುಕೊಳ್ಳಬಹುದಿತ್ತು. ಅದು ಅವನಿಗೆ ಹೊಳೆಯಿತು ಕೂಡ. ಆದರೆ ತಾಯಿಯ ಕೈ ಇನ್ನೂ ಅಜಮತನ ಕಡೆಗೇ ಚಾಚಿಕೊಂಡಿತ್ತು. ಅವನು ಕದಲಲಿಲ್ಲ.

ಸಂಜೆಗೆ ಅಜಮತನ ಮುಖ ಕೆಂಪೇರಿ ಊದಿಕೊಂಡಿತು, ಆಮೇಲೆ ವಾಂತಿ ಶುರುವಾಯಿತು. ಆಮೇಲೆ ಭೇದಿ. ಹಮೀದಾ ಬಟ್ಟಲು ಹಿಡಿದು ಒಳಗೂ ಹೊರಗೂ ಓಡಾಡಿದಳು.

"ಶಿಕಾರಿಪುರದ ಆಸ್ಪತ್ರೆಗೆ ಒಯ್ಯೋಣ ರೀ. ಆನಂದಪ್ಪನವರಿಗೆ ಹೇಳಿದ್ರೆ ಕಾರು ಕೊಡಿಸ್ತಾರೆ."

"ವಾಂತಿಯಾದ್ರೆ ಎಲ್ಲಾ ಹೊರಗೆ ಹೋಗುತ್ತೆ," ಎಂದ ಉಸ್ಮಾನ್. "ನಿಂಬೆಪಾನಕ ಕೊಡು. ಬೆಳಿಗ್ಗೆಗೆ ಎದ್ದು ಕೂರ್ತಾನೆ. ಈಗ ಕಾರು ಗೀರು ಅಂದ್ರೆ ಊರೆಲ್ಲ ಸುದ್ದಿ."

ಅವನಿಗೆ ತಮ್ಮ ಸಾಯಬೇಕೆಂದಿರಲಿಲ್ಲ. ಒಂದು ರಾತ್ರಿ ಒದ್ದಾಡಲಿ ಎಂದಿತ್ತು, ಅಷ್ಟೇ. ನಾಳೆ ಜನ ಆಡಿಕೊಂಡು ನಗಲಿ, ಹಡಗಿನ ಅಡುಗೆಯವನಿಗೆ ಬಂಗಡೆ ಅರಗಲಿಲ್ಲ ಎಂದು. ಅವನು ಚಾದರ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಬೆಳಗಾಗುವ ಹೊತ್ತಿಗೆ ಅಜಮತನ ಕಣ್ಣು ಗುಳಿಬಿದ್ದು, ಕೆನ್ನೆ ಒಳಗೆ ಹೋಗಿ, ಕಾಲು ಹಿಡಿದುಕೊಂಡು ಸೆಟೆಯುತ್ತಿತ್ತು. ಆಗ ಉಸ್ಮಾನ್ ಓಡಿದ. ಆನಂದಪ್ಪ ಕಾರು ತಂದ. ಹಿಂದಿನ ಸೀಟಿನಲ್ಲಿ ಉಸ್ಮಾನನ ತೊಡೆಯ ಮೇಲೆ ತಲೆಯಿಟ್ಟು ಅಜಮತ್ ಒಂದೇ ಮಾತು ಹೇಳಿದ. ದನಿ ಇರಲಿಲ್ಲ, ತುಟಿ ನೋಡಿ ತಿಳಿಯಬೇಕಿತ್ತು.

"ಹೇಳಬೇಡಿ ಭಾಯಿ."

ಶಿಕಾರಿಪುರದ ಮನೆಗಳು ಕಾಣಿಸುವ ಮುಂಚೆಯೇ ಅವನ ಉಸಿರು ನಿಂತಿತ್ತು. ಕಾರನ್ನು ಹಾಗೇ ತಿರುಗಿಸಿಕೊಂಡು ಬಂದರು.

ಮಣ್ಣಿಗೆ ಬಂದಷ್ಟು ಜನ ಆ ಪೇಟೆಯಲ್ಲಿ ಯಾವ ಸಾಹುಕಾರನಿಗೂ ಬಂದಿರಲಿಲ್ಲ. ಸೊರಬದಿಂದ ಬಂದರು, ಕುಪ್ಪಗಡ್ಡೆಯಿಂದ ಬಂದರು. ಆನಂದಪ್ಪ ಅಂಗಡಿ ಮುಚ್ಚಿದ. ಏಳು ಸಮುದ್ರ ದಾಟಿದ ಮನುಷ್ಯ ಶಿರಾಳಕೊಪ್ಪದ ಸಂತೆಯಲ್ಲಿ ಹೋಗಿಬಿಟ್ಟನಲ್ಲ ಎಂದು ಜನ ಹಲುಬಿದರು. ಅದರ ಜೊತೆಗೇ ಇನ್ನೊಂದು ಮಾತೂ ಹರಡಿತು. ಅವನು ಬೇಡವೆಂದಿದ್ದ, ಅಣ್ಣನೇ ಒತ್ತಾಯ ಮಾಡಿದ. ಹೊಟ್ಟೆಕಿಚ್ಚಿಗೆ. ಉಸ್ಮಾನನ ಗೋಣಿಯ ಮುಂದೆ ಹೆಂಗಸರು ಮೀನು ಮುಟ್ಟಿ ನೋಡಿ, ಅವನ ಮುಖ ನೋಡಿ, ಪಕ್ಕದ ಗೋಣಿಗೆ ಹೋಗತೊಡಗಿದರು. ಇಷ್ಟು ವರ್ಷ ಅವನ ವಾಸನೆಗೆ ಮೂಗು ಮುರಿಯುತ್ತಿದ್ದವರು ಈಗ ಅವನ ನೆರಳಿಗೇ ಮೂಗು ಮುರಿದರು.

ಉಸ್ಮಾನ್ ಆನಂದಪ್ಪನಿಗೆ ಹೇಳಿನೋಡಿದ, ಹಡಗೂ ಇಲ್ಲ ಗಿಡಗೂ ಇಲ್ಲ, ಅವನು ಮುಂಬಯಿಯಲ್ಲಿ ತಟ್ಟೆ ತೊಳೆಯುತ್ತಿದ್ದ ಎಂದು. ಆನಂದಪ್ಪ ಅವನ ಮುಂದಿದ್ದ ಚಾದ ಲೋಟವನ್ನು ಎತ್ತಿಕೊಂಡ. "ಸತ್ತೋನ ಮ್ಯಾಲೂ ಬಿಡಲ್ವೇನ್ರಿ ನೀವು?" ಎಂದ. ಗುಲಾಬ್ ಸಾಬನನ್ನೇ ಕರೆತಂದು ಹೇಳಿಸಬೇಕೆಂದು ಉಸ್ಮಾನ್ ಶಿಕಾರಿಪುರಕ್ಕೂ ಹೋದ. ಮುದುಕ ಸುದ್ದಿ ಆಗಲೇ ಕೇಳಿದ್ದ. "ನಾನ್ಯಾವ ಅಜಮತನನ್ನೂ ಕಂಡಿಲ್ಲ," ಎಂದು ಬಾಗಿಲು ಹಾಕಿಕೊಂಡ.

ತಾಯಿ ಒಂದು ಮಾತೂ ಆಡಿರಲಿಲ್ಲ. ಅಳಲೂ ಇಲ್ಲ. ನಲವತ್ತನೆಯ ದಿನದ ಫಾತಿಹಾ ಮುಗಿದು ನೆಂಟರೆಲ್ಲ ಹೋದ ಮಧ್ಯಾಹ್ನ ಉಸ್ಮಾನನನ್ನು ಮಂಚದ ಹತ್ತಿರ ಕರೆದಳು.

"ಅವನ ಕಿವಿಯಲ್ಲಿ ಏನು ಹೇಳಿದೆ?"

"ಯಾವಾಗ ಅಮ್ಮಿ?"

"ಹುಲಿಗೆಮ್ಮ ಬಂದು ಹೇಳಿ ಹೋದಳು. ದೊಡ್ಡವರು ಕಿವಿಯಲ್ಲಿ ಏನೋ ಅಂದರು, ಆಮೇಲೆ ಸಣ್ಣವರು ಚಾಕು ತಗೊಂಡರು ಅಂತ. ಏನು ಅಂದೆ?"

ಹೇಳಬೇಡಿ ಎಂದವನ ಮಾತನ್ನೂ ಬದಿಗಿಟ್ಟು ಉಸ್ಮಾನ್ ಎಲ್ಲವನ್ನೂ ಹೇಳಿದ, ಗುಲಾಬ್ ಸಾಬ್, ತಟ್ಟೆ, ದೋಣಿ ಹತ್ತಿ ಅತ್ತದ್ದು. ಹೇಳುತ್ತ ಹೇಳುತ್ತ ಅವನ ದನಿ ಗಟ್ಟಿಯಾಯಿತು. "ನಿಮಗೆ ಸುಳ್ಳು ಹೇಳಿದ ಅಮ್ಮಿ ಅವನು. ದಿನಾ ಕೂತು ಸುಳ್ಳು ಹೇಳಿದ. ನಾನು ದಿನಾ ಮೂಟೆ ಹೊತ್ತೆ."

ಅಫ್ಸರ್ ಬೇಗಂ ಕುರುಡುಗಣ್ಣನ್ನು ಅವನ ಕಡೆ ತಿರುಗಿಸಿದಳು.

"ನನಗೆ ಗೊತ್ತಿತ್ತು," ಎಂದಳು. "ಬಂದ ದಿನವೇ ಅವನ ಕೈ ಹಿಡಿದು ನೋಡಿದೆನಲ್ಲ. ಬೆರಳ ಸಂದಿಯೆಲ್ಲ ಪಾತ್ರೆ ಉಜ್ಜೋ ಸೋಡಾ ನೀರಿಗೆ ಬೆಂದು ಸುಲಿದಿತ್ತು. ಅಂಗೈ ಮೆತ್ತಗಿತ್ತು. ತಟ್ಟೆ ತೊಳೆಯೋರ ಕೈ ನನಗೆ ಗೊತ್ತಿಲ್ವಾ? ನಿಮ್ಮಪ್ಪ ಸತ್ತ ಮೇಲೆ ನಾನು ಊರವರ ಮನೇಲಿ ತೊಳೆದದ್ದೇನು?"

"ಗೊತ್ತಿದ್ದೂ ಕೇಳ್ತಿದ್ದಿರಾ?"

"ಕೇಳ್ತಿದ್ದೆ. ನನಗೆ ಏನೂ ಕಾಣಲ್ಲ. ಅವನು ಹೇಳಿದ್ರೆ ಕಾಣಿಸ್ತಿತ್ತು. ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತು ಅಂತ. ಹೇಳಿದರೆ ನಾಚ್ಕೊಂಡು ಮತ್ತೆ ಓಡಿಹೋಗ್ತಾನೆ ಅಂತ ನಾನು ಹೇಳಲಿಲ್ಲ. ಒಂದು ಮಾತು ಹೇಳಿಬಿಟ್ಟಿದ್ದರೆ ಅವನು ನಿನಗೆ ಹೆದರಬೇಕಾಗಿರಲಿಲ್ಲ."

ಉಸ್ಮಾನ್ ಮಂಚದ ಕಾಲಿಗೆ ಆತು ನೆಲದ ಮೇಲೆ ಕೂತ. ತಾಯಿಯ ಸೆರಗು ಹಿಡಿದುಕೊಂಡ. "ಹಾಗಾದರೆ ಜನಕ್ಕೆ ಹೇಳಿ ಅಮ್ಮಿ. ಏಳು ಸಮುದ್ರ ದಾಟಿದವನನ್ನ ಕೊಂದೆ ಅಂತ ನನ್ನ ಮುಖಕ್ಕೆ ಉಗೀತಿದಾರೆ. ಅವನು ಯಾರು ಅಂತಾದರೂ ಗೊತ್ತಾಗಲಿ. ನೀವು ಹೇಳಿದರೆ ನಂಬ್ತಾರೆ."

ಆಕೆ ಸೆರಗನ್ನು ನಿಧಾನವಾಗಿ ಅವನ ಕೈಯಿಂದ ಬಿಡಿಸಿಕೊಂಡಳು.

"ಹೇಳ್ತೀನಿ," ಎಂದಳು.

ಮಾರನೆಯ ದಿನ ಸಂಜೆ ಉಸ್ಮಾನ್ ಸಂತೆಯಿಂದ ಮೂಟೆ ಹೊತ್ತು ಬಂದಾಗ ಮನೆಯ ಮುಂದೆ ಚಪ್ಪಲಿಗಳ ರಾಶಿಯಿತ್ತು. ಓಣಿಯ ಹೆಂಗಸರೆಲ್ಲ ತಾಯಿಯ ಮಂಚದ ಸುತ್ತ ಕೂತಿದ್ದರು. ಹುಲಿಗೆಮ್ಮ ಬಂದಿದ್ದಳು. ಬಾಗಿಲ ಹೊರಗೆ ಬೆಂಚಿನ ಮೇಲೆ ಆನಂದಪ್ಪನೂ ಇನ್ನಿಬ್ಬರು ಗಂಡಸರೂ. ಹಮೀದಾ ಎಲ್ಲರಿಗೂ ಚಾ ಕೊಡುತ್ತಿದ್ದಳು. ಗಂಡನನ್ನು ಕಂಡು ತಟ್ಟೆಯನ್ನು ಅವನ ಕೈಗೆ ದಾಟಿಸಿ ತಾನು ಹೋಗಿ ಕೂತಳು.

"ನನ್ನ ಸಣ್ಣ ಮಗ ಜಪಾನಿಗೆ ಹೋದಾಗ," ಎಂದು ಅಫ್ಸರ್ ಬೇಗಂ ಹೇಳುತ್ತಿದ್ದಳು, "ಹಿಮ ಬೀಳ್ತಿತ್ತಂತೆ. ಹಡಗಿನ ಮೇಲೆಲ್ಲ ಹತ್ತಿ ಹಾಸಿದ ಹಾಗೆ. ಅಲ್ಲಿಯ ಜನ ಅವನಿಗೆ ಮೀನನ್ನ ಗುಲಾಬಿ ಎಸಳಿನ ಹಾಗೆ ಕೊಯ್ದು ಕೊಟ್ಟರಂತೆ. ಅವನು ತಿಂದನಂತೆ. ತಿಂದು, ನಮ್ಮೂರಿನಲ್ಲಿ ನನಗೊಬ್ಬ ಅಣ್ಣ ಇದ್ದಾನೆ, ಅವನೂ ಮೀನಿನವನು, ಅವನಿಗೂ ಇದನ್ನ ತಿನ್ನಿಸಬೇಕು ಅಂದನಂತೆ."

ಇದು ಅಜಮತ್ ಯಾವತ್ತೂ ಹೇಳಿದ ಮಾತಲ್ಲ. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಒಬ್ಬೊಬ್ಬರಾಗಿ ತಿರುಗಿ, ಚಾ ತಟ್ಟೆ ಹಿಡಿದು ನಿಂತಿದ್ದ ಉಸ್ಮಾನನನ್ನು ನೋಡಿದರು.

ವಾಸನೆಯಿಂದಲೇ ಅವನು ಬಂದದ್ದು ತಾಯಿಗೆ ತಿಳಿದಿರಬೇಕು. ಆಕೆ ಮುಖವನ್ನು ಆ ಕಡೆಗೆ ಎತ್ತಿದಳು.

"ಹೌದಲ್ವಾ ಉಸ್ಮಾನ್? ನಿನ್ನ ತಮ್ಮ ಜಪಾನಿಗೆ ಹೋಗಿದ್ದನಲ್ವಾ?"

ಹುಲಿಗೆಮ್ಮ ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಹೌದು ಅಮ್ಮಿ," ಎಂದ ಉಸ್ಮಾನ್.

"ಕೇಳಿಸಲಿಲ್ಲ."

"ಹೋಗಿದ್ದ ಅಮ್ಮಿ."

"ಹಾಲೆಂಡಿಗೆ?"

"ಹೋಗಿದ್ದ."

"ಕೂತ್ಕೋ," ಎಂದಳು ತಾಯಿ. "ಅಲ್ಲಿ ಮೀನನ್ನ ಹೇಗೆ ತಿಂತಾರೆ ಅಂತ ಇವರಿಗೆಲ್ಲ ಈಗ ನೀನು ಹೇಳು."